ಗ್ರಂಥಸೂಚಿಯ ಗಣಕಸಾಧನಗಳು: ಹಸ್ತಪ್ರತಿಶಾಸ್ತ್ರದ ದೃಷ್ಟಿಯಿಂದ ಒಂದು ಪರಾಮರ್ಶೆ

ಸಂಶೋಧನ ಲೇಖನದ ಕೊನೆಯಲ್ಲಿ ಬರುವ ಗ್ರಂಥಸೂಚಿಯನ್ನು ಕೇವಲ ಉಪಚಾರದ ಭಾಗವೆಂದು ಎಣಿಸುವವರುಂಟು. ವಸ್ತುತಃ ಅದು ಲೇಖಕನು ಒದಗಿಸುವ ಸಾಕ್ಷಿಪಟ್ಟಿ. ಲೇಖನದಲ್ಲಿ ಪ್ರತಿಪಾದಿತವಾದ ಯಾವುದೇ ಅಂಶವನ್ನು ಮತ್ತೊಬ್ಬ ವಿದ್ವಾಂಸನು ಪರೀಕ್ಷಿಸಬೇಕಾದರೆ ಆ ಪಟ್ಟಿಯ ಮೂಲಕವೇ ಮೂಲಗ್ರಂಥವನ್ನೋ ಓಲೆಗರಿಯನ್ನೋ ತಲುಪಬೇಕು. ಜೈನ ವಾಙ್ಮಯದ ಅಧ್ಯಯನದಲ್ಲಿ ಈ ಕಾರ್ಯಕ್ಕೆ ಗೌರವಾರ್ಹವಾದ ಪರಂಪರೆಯಿದೆ. ಫ್ರಾನ್ಸಿನ ಗೆರಿನೋ ಅವರು ಜೈನ ಗ್ರಂಥಸೂಚಿಯೊಂದನ್ನು ೧೯೦೬ರಲ್ಲಿ ಪ್ಯಾರಿಸಿನಿಂದ ಪ್ರಕಟಿಸಿದರು. ಹರಿ ದಾಮೋದರ ವೇಲಣಕರರ ‘ಜಿನರತ್ನಕೋಶ’ವು ೧೯೪೪ರಲ್ಲಿ ಪುಣೆಯ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದಿಂದ ಹೊರಬಂದಿತು. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ಯನ್ನು ಭಾರತೀಯ ಜ್ಞಾನಪೀಠವು ೧೯೪೮ರಲ್ಲಿ ಕಾಶಿಯಿಂದ ಪ್ರಕಟಿಸಿತು. ಇಂಥ ಸೂಚಿಗಳ ಒಂದೊಂದು ನಮೂದಿನ ಹಿಂದೆಯೂ ಕರ್ತೃ ಯಾರು, ಕೃತಿಯ ಹೆಸರೇನು, ಕಾಲ ಯಾವುದು ಎಂಬ ನಿರ್ಣಯವಿದೆ.

ಹಿಂದೆ ಚೀಟಿಗಳಲ್ಲಿಯೂ ಕಾರ್ಡುಗಳಲ್ಲಿಯೂ ನಡೆಯುತ್ತಿದ್ದ ಈ ಕೆಲಸ ಇಂದು ಬಹುಮಟ್ಟಿಗೆ ಗಣಕಯಂತ್ರಕ್ಕೆ ವರ್ಗವಾಗಿದೆ. ಉಲ್ಲೇಖಗಳನ್ನು ಸಂಗ್ರಹಿಸಿ, ವರ್ಗೀಕರಿಸಿ, ಅಡಿಟಿಪ್ಪಣಿಗಳನ್ನೂ ಗ್ರಂಥಸೂಚಿಯನ್ನೂ ತಾವೇ ಸಿದ್ಧಪಡಿಸಿಕೊಡುವ ತಂತ್ರಾಂಶಗಳು ತರುಣ ಸಂಶೋಧಕರಲ್ಲಿ ಬಳಕೆಗೆ ಬಂದಿವೆ. ಇವುಗಳಿಂದ ಜೈನ ಹಸ್ತಪ್ರತಿಗಳ ಅಧ್ಯಯನಕ್ಕೆ ಆಗುವ ಪ್ರಯೋಜನವೆಷ್ಟು, ಒದಗಬಹುದಾದ ಅಪಾಯವೇನು ಎಂಬುದು ವಿಚಾರಾರ್ಹ. ಈ ಸಾಧನಗಳು ಕ್ರಮವನ್ನು ಕೊಡಬಲ್ಲವು, ನಿರ್ಣಯವನ್ನು ಕೊಡಲಾರವು. ಅಷ್ಟೇ ಅಲ್ಲ, ವಿವಾದಾಸ್ಪದವಾದ ನಿರ್ಣಯವನ್ನೂ ಸಿದ್ಧವಾದ ತಥ್ಯದಂತೆ ತೋರಿಸುವ ಸ್ವಭಾವ ಇವಕ್ಕಿದೆ. ಪ್ರಸ್ತುತ ಪರಾಮರ್ಶೆಯ ತಾತ್ಪರ್ಯ ಇಷ್ಟೆ.

ಮೊದಲು ಈ ಸಾಧನಗಳ ಸ್ವರೂಪವನ್ನು ಸಂಕ್ಷೇಪವಾಗಿ ತಿಳಿಯುವುದು ಉಚಿತ. ಗಣಿತ ಮತ್ತು ವಿಜ್ಞಾನಗಳ ಲೇಖಕರಿಗಾಗಿ ಆರೆನ್ ಪಟಾಶ್ನಿಕ್ ಅವರು ಲೆಸ್ಲಿ ಲ್ಯಾಂಪೋರ್ಟ್ ಅವರೊಡಗೂಡಿ ೧೯೮೫ರಲ್ಲಿ ‘ಬಿಬ್‌ಟೆಕ್’ ಎಂಬುದನ್ನು ರಚಿಸಿದರು. ಅದೇ ದಶಕದ ಕೊನೆಯಲ್ಲಿ ‘ಎಂಡ್‌ನೋಟ್’ ಬಂದಿತು. ಇದು ಹಣ ತೆತ್ತು ಕೊಳ್ಳಬೇಕಾದದ್ದು. ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಇತಿಹಾಸ ಮತ್ತು ನವಮಾಧ್ಯಮ ಕೇಂದ್ರವು ೨೦೦೬ರಲ್ಲಿ ‘ಜೋಟೆರೋ’ ಎಂಬ ತಂತ್ರಾಂಶವನ್ನು ಹೊರತಂದಿತು. ಇದು ಉಚಿತ; ಇದರ ಮೂಲಸಂಕೇತವೂ ಸರ್ವರಿಗೂ ಮುಕ್ತ. ೨೦೦೮ರಲ್ಲಿ ಬಂದ ‘ಮೆಂಡಲೇ’ಯನ್ನು ೨೦೧೩ರಲ್ಲಿ ಎಲ್ಸವಿಯರ್ ಎಂಬ ಪ್ರಕಾಶನ ಸಂಸ್ಥೆ ಕೊಂಡುಕೊಂಡಿತು. ಇತಿಹಾಸಕಾರರ ನಡುವೆ ಹುಟ್ಟಿದ ಕಾರಣ, ಮಾನವಿಕ ಶಾಸ್ತ್ರಗಳ ಅಗತ್ಯಗಳಿಗೆ ಇವುಗಳಲ್ಲಿ ಜೋಟೆರೋ ಹೆಚ್ಚು ಸಮೀಪವಾಗಿದೆ. ಆದುದರಿಂದ ಮುಂದಿನ ವಿಚಾರದಲ್ಲಿ ಅದನ್ನೇ ಮುಖ್ಯವಾಗಿ ಇರಿಸಿಕೊಳ್ಳಲಾಗಿದೆ.

ಇವುಗಳ ಕಾರ್ಯವಿಧಾನ ಸರಳವಾದುದು. ಪ್ರತಿಯೊಂದು ಆಕರಕ್ಕೂ ಒಂದು ನಮೂದು. ನಮೂದಿನಲ್ಲಿ ಕರ್ತೃ, ಕೃತಿನಾಮ, ಸಂಪಾದಕ, ಪ್ರಕಾಶಕ, ಸ್ಥಳ, ವರ್ಷ ಮೊದಲಾದ ಅಂಕಣಗಳು. ಲೇಖನವನ್ನು ಬರೆಯುತ್ತಿರುವಾಗ ಬೇಕಾದ ನಮೂದನ್ನು ಆರಿಸಿದರೆ ಅಡಿಟಿಪ್ಪಣಿ ತಾನಾಗಿ ಮೂಡುತ್ತದೆ. ಕೊನೆಯಲ್ಲಿ ಉಲ್ಲೇಖಿತ ಗ್ರಂಥಗಳೆಲ್ಲವೂ ಅಕಾರಾದಿಯಾಗಿ ಜೋಡಣೆಗೊಳ್ಳುತ್ತವೆ. ಒಂದು ಪತ್ರಿಕೆಯ ಪದ್ಧತಿಯಿಂದ ಮತ್ತೊಂದರ ಪದ್ಧತಿಗೆ ಬದಲಾಯಿಸಬೇಕಾದರೆ ಶೈಲಿಯ ಹೆಸರನ್ನು ಬದಲಿಸಿದರೆ ಸಾಕು. ಇಂಥ ಶೈಲಿಗಳನ್ನು ವಿವರಿಸಲು ಪ್ರತ್ಯೇಕವಾದ ಒಂದು ಸಂಕೇತಭಾಷೆಯೇ ಇದ್ದು, ಅದರಲ್ಲಿ ಸಿದ್ಧವಾಗಿರುವ ಶೈಲಿಗಳ ಸಂಖ್ಯೆ ೧೦,೦೦೦ವನ್ನು ಮೀರಿದೆ. ನೂರಾರು ಅಡಿಟಿಪ್ಪಣಿಗಳಿರುವ ಪ್ರಬಂಧದ ನಡುವೆ ಒಂದು ಟಿಪ್ಪಣಿಯನ್ನು ಸೇರಿಸಿದಾಗ ಉಳಿದವುಗಳ ಸಂಖ್ಯೆಯನ್ನು ಕೈಯಿಂದ ತಿದ್ದುವ ಶ್ರಮ ಎಂಥದೆಂಬುದನ್ನು ಬಲ್ಲವರು ಈ ಉಪಕಾರವನ್ನು ಅಲ್ಲಗಳೆಯಲಾರರು. ಒಳಗೆ ಉಲ್ಲೇಖಿಸಿದ ಗ್ರಂಥ ಸೂಚಿಯಲ್ಲಿ ಬಿಟ್ಟುಹೋಗುವುದು, ಒಂದೇ ಗ್ರಂಥ ಎರಡು ಬಗೆಯಲ್ಲಿ ನಮೂದಾಗುವುದು ಮೊದಲಾದ ದೋಷಗಳೂ ಇದರಿಂದ ಬಹಳ ಮಟ್ಟಿಗೆ ತಪ್ಪುತ್ತವೆ.

ಆದರೆ ಈ ಅಂಕಣಗಳನ್ನು ಕಲ್ಪಿಸಿದವರ ಕಣ್ಣ ಮುಂದೆ ಇದ್ದುದು ಪಾಶ್ಚಾತ್ಯ ದೇಶಗಳ ಮುದ್ರಿತ ಗ್ರಂಥ ಹಾಗೂ ಪತ್ರಿಕಾಲೇಖನ. ಅಲ್ಲಿ ಕರ್ತೃವಿಗೆ ಮನೆತನದ ಹೆಸರೊಂದು, ಸ್ವಂತ ಹೆಸರೊಂದು ಇರುತ್ತದೆ. ಜೈನಾಚಾರ್ಯರಿಗಾಗಲಿ ಕನ್ನಡ ಕವಿಗಳಿಗಾಗಲಿ ಈ ವಿಭಾಗ ಹೊಂದುವುದಿಲ್ಲ. ‘ನೇಮಿಚಂದ್ರ ಸಿದ್ಧಾಂತಚಕ್ರವರ್ತಿ’ ಎಂಬುದನ್ನು ಬಿಡಿಬಿಡಿಯಾಗಿ ಬರೆದು ಕೊನೆಯ ಪದವನ್ನು ಮನೆತನದ ಹೆಸರಿನ ಅಂಕಣಕ್ಕೆ ಹಾಕಿದರೆ, ಗೊಮ್ಮಟಸಾರದ ಆಚಾರ್ಯರು ಸೂಚಿಯಲ್ಲಿ ‘ಚಕ್ರವರ್ತಿ’ ಎಂಬಲ್ಲಿ, ಇಪ್ಪತ್ತನೆಯ ಶತಮಾನದ ವಿದ್ವಾಂಸರಾದ ಎ. ಚಕ್ರವರ್ತಿಯವರ ಪಕ್ಕದಲ್ಲಿ ಕುಳಿತುಬಿಡುತ್ತಾರೆ. ಭುಜಬಲಿ ಶಾಸ್ತ್ರಿ, ಕೈಲಾಸಚಂದ್ರ ಶಾಸ್ತ್ರಿ ಎಂಬ ಹೆಸರುಗಳಲ್ಲಿ ‘ಶಾಸ್ತ್ರಿ’ ಎಂಬುದು ಪಾಂಡಿತ್ಯದ ಬಿರುದೇ ಹೊರತು ಮನೆತನದ ಹೆಸರಲ್ಲ. ಆದರೂ ಯಂತ್ರ ಇಬ್ಬರನ್ನೂ ಒಂದೇ ಕುಟುಂಬದವರಂತೆ ಒಟ್ಟಿಗೆ ನಿಲ್ಲಿಸುತ್ತದೆ. ಹೀರಾಲಾಲ ಜೈನ್, ಜ್ಯೋತಿಪ್ರಸಾದ ಜೈನ್, ಜಗದೀಶಚಂದ್ರ ಜೈನ್, ಛೋಟೇಲಾಲ ಜೈನ್ ಮೊದಲಾದವರ ವಿಷಯದಲ್ಲಿ ತೊಡಕು ಇನ್ನೂ ಹೆಚ್ಚು. ಹೆಸರನ್ನು ಮೊದಲಕ್ಷರಕ್ಕೆ ಇಳಿಸುವ ಶೈಲಿಯನ್ನು ಆರಿಸಿದರೆ ಇವರಲ್ಲಿ ಯಾರ ಮಾತನ್ನು ಉಲ್ಲೇಖಿಸಲಾಗಿದೆ ಎಂಬುದೇ ಓದುಗನಿಗೆ ಸ್ಪಷ್ಟವಾಗದು. ಹೆಸರನ್ನು ಒಡೆಯದೆ ಒಂದೇ ಅಂಕಣದಲ್ಲಿ ಇಡಿಯಾಗಿ ಬರೆಯುವ ಅನುಕೂಲವನ್ನು ಜೋಟೆರೋ ಕಲ್ಪಿಸಿದೆ. ಪ್ರಾಚೀನ ಕರ್ತೃಗಳೆಲ್ಲರಿಗೂ ಈ ವಿಧಾನವನ್ನೇ ಅನುಸರಿಸಬೇಕಾದುದು ಅವಶ್ಯ.

ಹೆಸರಿನ ವಿಭಾಗಕ್ಕಿಂತಲೂ ಗಂಭೀರವಾದುದು ಕರ್ತೃತ್ವದ ಪ್ರಶ್ನೆ. ಗೊಮ್ಮಟಸಾರದ ಟೀಕೆಗಳನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಮೂಲಗ್ರಂಥ ಹತ್ತನೆಯ ಶತಮಾನದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳದು. ಅದಕ್ಕೆ ಕೇಶವವರ್ಣಿಯು ಶಕ ೧೨೮೧ರಲ್ಲಿ, ಎಂದರೆ ಕ್ರಿ. ಶ. ೧೩೫೯ರಲ್ಲಿ, ಕನ್ನಡ ವೃತ್ತಿಯನ್ನು ರಚಿಸಿದನು. ಆ ವೃತ್ತಿಯನ್ನು ಅನುಸರಿಸಿ ‘ಜೀವತತ್ತ್ವಪ್ರದೀಪಿಕೆ’ ಎಂಬ ಸಂಸ್ಕೃತ ಟೀಕೆ ಹುಟ್ಟಿತು. ಈ ಸಂಸ್ಕೃತ ಟೀಕೆಯೂ ಕೇಶವವರ್ಣಿಯದೇ ಎಂದು ಬಹುಕಾಲ ನಂಬಲಾಗಿತ್ತು. ಅದರ ಕರ್ತೃ ಬೇರೊಬ್ಬ ನೇಮಿಚಂದ್ರನೆಂದು ಡಾ. ಆ. ನೇ. ಉಪಾಧ್ಯೆಯವರು ಸಾಧಿಸಿ ತೋರಿಸಿದರು. ಹೀಗೆ ಮೂಲದ ಕರ್ತೃವೂ ನೇಮಿಚಂದ್ರ, ಶತಮಾನಗಳ ಅನಂತರದ ಟೀಕಾಕಾರನೂ ನೇಮಿಚಂದ್ರ. ಇವರಲ್ಲದೆ ‘ಲೀಲಾವತಿ’ಯನ್ನೂ ‘ಅರ್ಧನೇಮಿ’ ಎಂದು ಪ್ರಸಿದ್ಧವಾದ ಪುರಾಣವನ್ನೂ ರಚಿಸಿದ ಕನ್ನಡ ಕವಿ ನೇಮಿಚಂದ್ರ ಮತ್ತೊಬ್ಬನಿದ್ದಾನೆ. ಯಂತ್ರಕ್ಕೆ ಅಕ್ಷರಗಳ ಸಾಮ್ಯ ಮಾತ್ರ ಗೋಚರವಾಗುವುದರಿಂದ ಮೂವರ ಕೃತಿಗಳೂ ಒಬ್ಬನವೇ ಎಂಬಂತೆ ಒಂದರ ಕೆಳಗೊಂದು ಸಾಲುಗೊಳ್ಳುತ್ತವೆ. ಉಪಾಧ್ಯೆಯವರು ಪ್ರಶಸ್ತಿಗಳನ್ನೂ ಪ್ರತಿಗಳನ್ನೂ ಪರಿಶೀಲಿಸಿ ಬಿಡಿಸಿದ ತೊಡಕು ಒಂದು ಕ್ಷಣದಲ್ಲಿ ಮತ್ತೆ ಗಂಟಾಗುತ್ತದೆ.

ಟೀಕಾಕಾರನಿಗೆ ತಕ್ಕ ಸ್ಥಾನವಿಲ್ಲದಿರುವುದು ಇದೇ ದೋಷದ ಇನ್ನೊಂದು ಮುಖ. ಜೋಟೆರೋದಲ್ಲಿ ಗ್ರಂಥದ ನಮೂದಿಗೆ ಕರ್ತೃ, ಸಹಾಯಕ, ಸಂಪಾದಕ, ಮಾಲೆಯ ಸಂಪಾದಕ, ಅನುವಾದಕ ಎಂಬ ಪಾತ್ರಗಳಿವೆ, ಟೀಕಾಕಾರನಿಲ್ಲ. ಷಟ್ಖಂಡಾಗಮದ ಸೂತ್ರಗಳು ಪುಷ್ಪದಂತ ಭೂತಬಲಿ ಆಚಾರ್ಯರವು, ಧವಲಾ ಟೀಕೆ ವೀರಸೇನರದು, ೧೯೩೯ರಿಂದ ೧೬ ಸಂಪುಟಗಳಲ್ಲಿ ಬಂದ ಮುದ್ರಿತ ಆವೃತ್ತಿಯ ಪ್ರಧಾನ ಸಂಪಾದಕರು ಹೀರಾಲಾಲ ಜೈನರು. ವೀರಸೇನರನ್ನು ಸಹಾಯಕರ ಅಂಕಣಕ್ಕೆ ಸೇರಿಸುವುದು ಅನುಚಿತ. ಕರ್ತೃವಿನ ಅಂಕಣಕ್ಕೆ ಸೇರಿಸಿದರೆ ಸೂತ್ರಕಾರರಿಗೂ ಅವರಿಗೂ ಭೇದವುಳಿಯದು. ಬಿಬ್‌ಟೆಕ್‌ನ ಪರಿಷ್ಕೃತ ಪರಂಪರೆಗೆ ಸೇರಿದ ‘ಬಿಬ್‌ಲಾಟೆಕ್’ನಲ್ಲಿ ಟೀಕಾಕಾರನಿಗೂ ಟಿಪ್ಪಣಿಕಾರನಿಗೂ ಪ್ರತ್ಯೇಕ ಅಂಕಣಗಳಿರುವುದು ಗಮನಾರ್ಹ. ಸಾಧನ ಬದಲಾಗದ ತನಕ ಮೂಲಕ್ಕೆ ಒಂದು, ಟೀಕೆಗೆ ಒಂದು ಎಂದು ಎರಡು ನಮೂದುಗಳನ್ನು ಮಾಡಿ, ಅವುಗಳನ್ನು ಪರಸ್ಪರ ಸಂಬಂಧಿಸುವ ಸೌಲಭ್ಯವನ್ನು ಬಳಸಿಕೊಳ್ಳುವುದು ಲೇಸು.

ಕಾಲದ ಅಂಕಣವೂ ಇದೇ ರೀತಿಯ ಎಚ್ಚರವನ್ನು ಬೇಡುತ್ತದೆ. ಶಕ ೧೨೮೧ ಎಂದು ವರ್ಷದ ಅಂಕಣದಲ್ಲಿ ಬರೆದರೆ ತಂತ್ರಾಂಶಕ್ಕೆ ಶಕದ ಅರಿವಿಲ್ಲ. ಅದು ಅಂಕಿಯನ್ನಷ್ಟೇ ಹಿಡಿದು ಕ್ರಿಸ್ತವರ್ಷವೆಂದು ಎಣಿಸುತ್ತದೆ. ಕೇಶವವರ್ಣಿ ೭೮ ವರ್ಷ ಹಿಂದಕ್ಕೆ ಸರಿಯುತ್ತಾನೆ. ಲೆಕ್ಕ ಹಾಕಿದ ಕ್ರಿಸ್ತವರ್ಷವನ್ನು ಮಾತ್ರ ಬರೆದರೆ ಪ್ರಶಸ್ತಿಯಲ್ಲಿ ಇದ್ದುದೇನು, ಸಂಶೋಧಕನು ಪರಿವರ್ತಿಸಿದ್ದೇನು ಎಂಬುದು ಮರೆಯಾಗುತ್ತದೆ. ಧವಲಾ ಟೀಕೆಯ ಸಮಾಪ್ತಿಕಾಲವಂತೂ ವಿವಾದಗ್ರಸ್ತ. ಪ್ರಶಸ್ತಿಯ ಪಾಠವನ್ನು ಹೀರಾಲಾಲ ಜೈನರು ಶಕ ೭೩೮, ಎಂದರೆ ಕ್ರಿ. ಶ. ೮೧೬ ಎಂದು ಅರ್ಥೈಸಿದರು. ಜ್ಯೋತಿಪ್ರಸಾದ ಜೈನರು ಅದನ್ನು ವಿಕ್ರಮ ೮೩೮ ಎಂದು ಗ್ರಹಿಸಿ ಕ್ರಿ. ಶ. ೭೮೦ರ ಪಕ್ಷವನ್ನು ಹಿಡಿದರು. ಒಂದು ಅಂಕಣ ಒಂದೇ ಉತ್ತರವನ್ನು ಕೇಳುತ್ತದೆ. ಬರೆದವನು ಯಾವ ಪಕ್ಷವನ್ನು ಆರಿಸಿದರೂ ಅದು ನಿರ್ವಿವಾದವೆಂಬ ಭಾವನೆಯನ್ನು ಸೂಚಿ ಹುಟ್ಟಿಸುತ್ತದೆ. ಮುಂದೆ ಆ ನಮೂದನ್ನು ನಕಲುಮಾಡಿಕೊಂಡವರಿಗೆ ವಿವಾದವಿತ್ತೆಂಬ ಸುಳಿವೇ ದೊರೆಯದು.

ಕೃತಿನಾಮವೇ ವಿವಾದಕ್ಕೆ ಒಳಗಾದ ಸಂದರ್ಭಗಳೂ ಉಂಟು. ಡಿ. ಎಲ್. ನರಸಿಂಹಾಚಾರ್ಯರು ೧೯೪೯ರಲ್ಲಿ ಸಂಪಾದಿಸಿದ ‘ವಡ್ಡಾರಾಧನೆ’ ಶಿವಕೋಟ್ಯಾಚಾರ್ಯನದೆಂದು ಪ್ರಸಿದ್ಧವಾಯಿತು. ಕೃತಿಯ ನಿಜವಾದ ಹೆಸರು ‘ಆರಾಧನಾ ಕರ್ಣಾಟಟೀಕಾ’, ಕರ್ತೃ ಭ್ರಾಜಿಷ್ಣು ಎಂಬ ವಾದವನ್ನು ಅನಂತರದ ವಿದ್ವಾಂಸರು ಮಂಡಿಸಿದ್ದಾರೆ. ಗ್ರಂಥಾಲಯಗಳ ಪಟ್ಟಿಗಳಿಂದ ಎರಡೂ ಬಗೆಯ ನಮೂದುಗಳನ್ನು ಪಡೆದರೆ ತಂತ್ರಾಂಶದಲ್ಲಿ ಒಂದೇ ಕೃತಿ ಎರಡಾಗಿ ನಿಲ್ಲುತ್ತದೆ. ಇದಕ್ಕೆ ವಿರುದ್ಧವಾಗಿ, ಒಂದೇ ಹೆಸರಿನ, ಒಂದೇ ಸಂಪಾದಕರ, ಒಂದೇ ವರ್ಷ ಅಚ್ಚಾದ ಎರಡು ಸಂಪುಟಗಳನ್ನು ಅದು ಪುನರುಕ್ತಿಯೆಂದು ಶಂಕಿಸಿ, ಕೂಡಿಸಬಹುದೆಂದು ಸೂಚಿಸುತ್ತದೆ. ಕೂಡಿಸುವ ಅಧಿಕಾರ ಬಳಸುವವನ ಕೈಯಲ್ಲಿಯೇ ಇದೆ, ನಿಜ. ಆದರೆ ವಿಷಯಜ್ಞಾನವಿಲ್ಲದವನು ಆ ಅಧಿಕಾರವನ್ನು ಚಲಾಯಿಸಿದರೆ ಪರಿಣಾಮವೇನೆಂಬುದನ್ನು ಊಹಿಸುವುದು ಕಷ್ಟವಲ್ಲ.

ಇನ್ನು ಹಸ್ತಪ್ರತಿಗಳ ಉಲ್ಲೇಖ. ಹಸ್ತಪ್ರತಿಯೆಂಬ ಪ್ರತ್ಯೇಕ ಬಗೆಯ ನಮೂದು ಜೋಟೆರೋದಲ್ಲಿದೆ. ಭಂಡಾರದ ಹೆಸರು, ಅಲ್ಲಿನ ಸ್ಥಾನ, ಕ್ರಮಾಂಕ ಇವುಗಳಿಗೆ ಅಂಕಣಗಳಿವೆ. ಉಲ್ಲೇಖಿಸುವಾಗ ಪುಟಕ್ಕೆ ಬದಲಾಗಿ ಗರಿ, ಸಾಲು, ಪದ್ಯ ಎಂದು ಸೂಚಿಸುವ ಆಯ್ಕೆಯೂ ಇದೆ. ಇದನ್ನು ಅರಿಯದೆ ಗರಿಯ ಸಂಖ್ಯೆಯನ್ನು ಪುಟವೆಂದು ನಮೂದಿಸುವುದರಿಂದ ಮುಂಬದಿ ಹಿಂಬದಿಗಳ ಭೇದ ಅಳಿದುಹೋಗುತ್ತದೆ. ಆದರೆ ಲಿಪಿ, ಲಿಪಿಕಾರ, ಪ್ರತಿ ಬರೆದ ಕಾಲ, ಬರೆಯಿಸಿದವರು, ಗರಿಗಳ ಅಳತೆ, ಪ್ರತಿಯ ಸ್ಥಿತಿ ಇವುಗಳಿಗೆ ಎಡೆಯಿಲ್ಲ. ಒಂದೇ ಕಟ್ಟಿನಲ್ಲಿ ಹಲವು ಕೃತಿಗಳಿರುವುದು ಓಲೆಗರಿಗಳಲ್ಲಿ ಸಾಮಾನ್ಯ. ಕಟ್ಟನ್ನು ಒಂದು ನಮೂದಾಗಿ ಮಾಡಿದರೆ ಒಳಗಿನ ಚಿಕ್ಕ ಕೃತಿಗಳು ಕಣ್ಮರೆಯಾಗುತ್ತವೆ.

ಇವೆಲ್ಲಕ್ಕಿಂತ ಮುಖ್ಯವಾದುದು ಪ್ರತಿಗೂ ಅದರ ನಕಲಿಗೂ ಇರುವ ಅಂತರ. ಧವಲಾ ಗ್ರಂಥದ ತಾಡಪತ್ರಗಳು ಮೂಡಬಿದಿರೆಯಲ್ಲಿ ಸುರಕ್ಷಿತವಾಗಿದ್ದವು. ಅವುಗಳಿಂದ ಕಾಗದದ ನಕಲುಗಳಾಗಿ, ನಕಲುಗಳಿಂದ ಮತ್ತೆ ನಕಲುಗಳಾಗಿ ಉತ್ತರದ ಭಂಡಾರಗಳನ್ನು ಸೇರಿದವು. ಮುದ್ರಣದ ಮೊದಲ ಸಂಪುಟಗಳು ಇಂಥ ನಕಲುಗಳನ್ನು ಆಧರಿಸಿದ್ದವು. ಮೂಡಬಿದಿರೆಯ ತಾಡಪ್ರತಿಯೊಡನೆ ಪಾಠಗಳನ್ನು ಹೋಲಿಸುವ ಅವಕಾಶ ಅನಂತರ ಒದಗಿತು. ಆದಕಾರಣ ಒಂದು ಪಾಠವನ್ನು ಉಲ್ಲೇಖಿಸುವವನು ತಾನು ಕಂಡದ್ದು ತಾಡಪತ್ರವನ್ನೋ, ಕಾಗದದ ನಕಲನ್ನೋ, ಮುದ್ರಿತ ಪುಟವನ್ನೋ, ಛಾಯಾಚಿತ್ರವನ್ನೋ ಎಂಬುದನ್ನು ಹೇಳಲೇಬೇಕು. ‘ಮೂಡಬಿದಿರೆಯ ಪ್ರತಿ’ ಎಂದು ಮಾತ್ರ ಬರೆದ ನಮೂದು ನೋಡಲು ಅಚ್ಚುಕಟ್ಟಾಗಿದ್ದರೂ ಶಾಸ್ತ್ರದೃಷ್ಟಿಯಿಂದ ಅಪೂರ್ಣ. ಮುಂದಿನ ಸಂಪಾದಕನು ಅದನ್ನು ನಂಬಿ ನಕಲಿನ ತಪ್ಪನ್ನು ಮೂಲಪಾಠವೆಂದು ಸ್ವೀಕರಿಸುವ ಸಂಭವವಿದೆ.

ಲಿಪಿಯ ವಿಷಯದಲ್ಲಿಯೂ ಕೆಲವು ತೊಡಕುಗಳನ್ನು ಗಮನಿಸಬೇಕು. ಕನ್ನಡ, ನಾಗರಿ, ರೋಮನ್ ಲಿಪಿಗಳಲ್ಲಿ ಬರೆದ ಒಂದೇ ಹೆಸರನ್ನು ತಂತ್ರಾಂಶ ಮೂರಾಗಿ ಭಾವಿಸುತ್ತದೆ. ಹಳೆಯ ಕನ್ನಡ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಾದ ಪಟ್ಟಿಗಳು ಯೂನಿಕೋಡಿಗೆ ಪರಿವರ್ತಿತವಾಗದ ಹೊರತು ಅದಕ್ಕೆ ಅರ್ಥವಾಗುವುದಿಲ್ಲ. ಯೂನಿಕೋಡಿನಲ್ಲಿಯೂ ಹಳಗನ್ನಡದ ‘ೞ’ಕಾರಕ್ಕೆ ವರ್ಣಮಾಲೆಯ ಸಹಜವಾದ ಸ್ಥಾನ ದೊರೆತಿಲ್ಲ, ಸ್ವರಚಿಹ್ನೆಗಳೂ ಮುಗಿದ ಬಳಿಕ ಅದನ್ನು ಇರಿಸಲಾಗಿದೆ. ಅದಕ್ಕೆ ಮೊದಲು ಕೊಟ್ಟ ಅಧಿಕೃತ ನಾಮವೂ ತಪ್ಪಾಗಿದ್ದು, ತಿದ್ದಿದ ಹೆಸರನ್ನು ಆಮೇಲೆ ಸೇರಿಸಬೇಕಾಯಿತು. ಆದ್ದರಿಂದ ಯಂತ್ರವು ಜೋಡಿಸಿಕೊಟ್ಟ ಅಕಾರಾದಿಯನ್ನು ಒಮ್ಮೆ ಕಣ್ಣಿನಿಂದ ಪರೀಕ್ಷಿಸದೆ ಮುದ್ರಣಕ್ಕೆ ಕಳುಹಿಸುವುದು ಯುಕ್ತವಲ್ಲ.

ಈ ಎಲ್ಲ ದೋಷಗಳೂ ಪ್ರಬಲವಾಗುವುದು ನಮೂದುಗಳನ್ನು ತಾನಾಗಿ ಸಂಗ್ರಹಿಸುವ ಸೌಲಭ್ಯದಿಂದ. ಒಂದು ಗುಂಡಿಯನ್ನು ಒತ್ತಿದರೆ ಗ್ರಂಥಾಲಯದ ಪಟ್ಟಿಯಲ್ಲಿರುವ ವಿವರಗಳೆಲ್ಲ ಬಂದು ತುಂಬುತ್ತವೆ. ಆ ಪಟ್ಟಿಯಲ್ಲಿ ಸಂಪಾದಕನು ಕರ್ತೃವಾಗಿದ್ದರೆ ಇಲ್ಲಿಯೂ ಹಾಗೆಯೇ. ಮರುಮುದ್ರಣದ ವರ್ಷ ಪ್ರಥಮ ಮುದ್ರಣದ ವರ್ಷವೆಂದು ಇದ್ದರೆ ಇಲ್ಲಿಯೂ ಹಾಗೆಯೇ. ಅಂತರರಾಷ್ಟ್ರೀಯ ಗ್ರಂಥಸಂಖ್ಯೆಯ ಪದ್ಧತಿ ೧೯೭೦ರಲ್ಲಿ ಮಾನಕವಾಗಿ ಅಂಗೀಕೃತವಾದುದು. ಅದಕ್ಕೆ ಮೊದಲು ಅಚ್ಚಾದ ಕನ್ನಡ, ಸಂಸ್ಕೃತ, ಪ್ರಾಕೃತ ಗ್ರಂಥಗಳನ್ನು ಸಂಖ್ಯೆಯ ಮೂಲಕ ಹುಡುಕುವಂತೆಯೇ ಇಲ್ಲ. ಅಂತರಜಾಲದಲ್ಲಿ ದೊರೆಯುವ ಹಳೆಯ ಗ್ರಂಥಗಳ ಛಾಯಾಪ್ರತಿಗಳಿಗೆ ಕೊಟ್ಟಿರುವ ಹೆಸರುಗಳು ಎಷ್ಟೋ ಕಡೆ ರೋಮನ್ ಲಿಪಿಯಲ್ಲಿ ಗುರುತು ಸಿಗದಷ್ಟು ವಿಕೃತವಾಗಿವೆ. ಇದಕ್ಕಿಂತ ದೊಡ್ಡ ಪ್ರಮಾದ ಮತ್ತೊಂದುಂಟು. ಸಂಗ್ರಹಿಸುವುದು ಅತಿ ಸುಲಭವಾದುದರಿಂದ, ತೆರೆದು ನೋಡದ ಗ್ರಂಥಗಳೂ ಸೂಚಿಯೊಳಗೆ ಪ್ರವೇಶಿಸುತ್ತವೆ. ಚೀಟಿಯಲ್ಲಿ ಕೈಯಿಂದ ಬರೆಯುತ್ತಿದ್ದ ಕಾಲದಲ್ಲಿ ಗ್ರಂಥದ ಮುಖಪುಟವನ್ನಾದರೂ ಕಣ್ಣಾರೆ ಕಾಣಬೇಕಾಗಿತ್ತು. ನೋಡದ ಪ್ರತಿಯನ್ನು ನೋಡಿದಂತೆ ಪಟ್ಟಿಮಾಡುವುದು ಸಾಕ್ಷಿಯೇ ಇಲ್ಲದ ಸಾಕ್ಷ್ಯ; ಅದರ ದೀರ್ಘತೆಯಿಂದ ಪ್ರಬಂಧಕ್ಕೆ ಗೌರವ ಬರುವುದಿಲ್ಲ.

ಹೀಗೆಂದ ಮಾತ್ರಕ್ಕೆ ಈ ಸಾಧನಗಳನ್ನು ದೂರವಿಡಬೇಕೆಂಬ ಅಭಿಪ್ರಾಯ ಸಮಂಜಸವೆನಿಸದು. ಕೈಬರಹದ ಚೀಟಿಗಳಲ್ಲಿಯೂ ತಪ್ಪುಗಳಿದ್ದವು. ಒಬ್ಬ ಪಂಡಿತರ ಕಾಲಾನಂತರ ಅವರ ಚೀಟಿಗಳ ಪೆಟ್ಟಿಗೆ ಯಾರಿಗೂ ಉಪಯೋಗಕ್ಕೆ ಬಾರದೆ ಹೋಗುವ ಭಯವೂ ಇತ್ತು. ಹತ್ತು ಮಂದಿ ಒಂದೇ ಸೂಚಿಯನ್ನು ಹಂಚಿಕೊಂಡು ಬೆಳೆಸುವ ಅನುಕೂಲ ಹಿಂದೆಂದೂ ಇರಲಿಲ್ಲ. ಬೇಕಾದುದು ನಿಯಮಬದ್ಧವಾದ ಬಳಕೆ. ಪ್ರಾಚೀನ ಕರ್ತೃವಿನ ಹೆಸರು ಒಡೆಯದೆ ಒಂದೇ ಅಂಕಣದಲ್ಲಿರಲಿ. ಸಮಾನನಾಮಧಾರಿಗಳಿಗೆ ಕೃತಿಯಿಂದಲೋ ಕಾಲದಿಂದಲೋ ಭೇದಕವನ್ನು ಸೇರಿಸಲಿ. ವರ್ಷದ ಅಂಕಣದಲ್ಲಿ ಕ್ರಿಸ್ತವರ್ಷವಿದ್ದು, ಪ್ರಶಸ್ತಿಯಲ್ಲಿರುವ ಶಕವರ್ಷ ಮತ್ತು ಭಿನ್ನಾಭಿಪ್ರಾಯಗಳು ಹೆಚ್ಚುವರಿ ವಿವರದ ಅಂಕಣದಲ್ಲಿ, ಅವನ್ನು ಹೇಳಿದವರ ಹೆಸರಿನೊಡನೆ ಬರಲಿ. ಹಸ್ತಪ್ರತಿಗೆ ಒಂದು, ಅದರ ನಕಲಿಗೆ ಇನ್ನೊಂದು ನಮೂದು ಇರಲಿ. ಕಟ್ಟಿನೊಳಗಿನ ಪ್ರತಿಯೊಂದು ಕೃತಿಯೂ ತನ್ನ ಗರಿಸಂಖ್ಯೆಗಳೊಡನೆ ಪ್ರತ್ಯೇಕವಾಗಿ ನಿಲ್ಲಲಿ. ಲಿಪಿಕಾರ ಮತ್ತು ಪುಷ್ಪಿಕೆಯ ಪಾಠವನ್ನು ನಮೂದಿಗೆ ಹೊಂದಿದ ಟಿಪ್ಪಣಿಯಲ್ಲಿ ಇಡಿಯಾಗಿ ಬರೆದಿಡಲಿ. ಸ್ವತಃ ಪರಿಶೀಲಿಸಿದ ಆಕರ ಯಾವುದು, ಇತರರ ಮೂಲಕ ತಿಳಿದದ್ದು ಯಾವುದು ಎಂಬ ಗುರುತು ಪ್ರತಿಯೊಂದಕ್ಕೂ ಇರಲಿ. ಇಡೀ ಸಂಗ್ರಹದ ಪ್ರತಿಯನ್ನು ಯಾವುದೇ ಒಂದು ಸಂಸ್ಥೆಯ ತಂತ್ರಾಂಶಕ್ಕೆ ಬದ್ಧವಲ್ಲದ ಸಾಮಾನ್ಯ ರೂಪದಲ್ಲಿಯೂ ಆಗಾಗ ತೆಗೆದಿರಿಸಲಿ.

ಇವೆಲ್ಲವನ್ನು ಒಬ್ಬೊಬ್ಬ ಸಂಶೋಧಕನು ತನಗೆ ತೋಚಿದಂತೆ ಮಾಡಿದರೆ ಹಂಚಿಕೊಳ್ಳುವ ಪ್ರಯೋಜನ ಕೈಗೂಡದು. ಭಂಡಾರಗಳ ಹೆಸರುಗಳಿಗೆ ಏಕರೂಪದ ಸಂಕೇತಗಳು, ಗರಿಯ ಮುಂಬದಿ ಹಿಂಬದಿಗಳನ್ನು ಸೂಚಿಸುವ ಒಂದೇ ಕ್ರಮ, ಸಮಾನನಾಮಧಾರಿಗಳಾದ ಆಚಾರ್ಯರ ಒಂದು ನಿರ್ಣೀತ ಪಟ್ಟಿ ಇವು ಮೂರು ಮೊದಲು ಸಿದ್ಧವಾಗಬೇಕು. ಇವನ್ನು ಸಿದ್ಧಪಡಿಸಬಲ್ಲವರು ತಂತ್ರಾಂಶದ ನಿರ್ಮಾಪಕರಲ್ಲ. ಪ್ರಶಸ್ತಿಗಳನ್ನು ಓದಿ ಅರ್ಥೈಸಬಲ್ಲ ಪಂಡಿತರೇ. ಭುಜಬಲಿ ಶಾಸ್ತ್ರಿಗಳಂಥ ಹಿರಿಯರು ಭಂಡಾರಗಳಲ್ಲಿ ಕುಳಿತು ಗರಿಗಳನ್ನು ಬಿಡಿಸಿ ನೋಡಿ ಕಟ್ಟಿದ ಸೂಚಿಗಳ ಪ್ರಾಮಾಣ್ಯ ಹೊಸ ಸಾಧನಗಳಲ್ಲಿಯೂ ಉಳಿಯಬೇಕಾದರೆ ಪಂಡಿತವರ್ಗವೂ ತರುಣ ಸಂಶೋಧಕರೂ ಕೂಡಿ ಈ ಕಾರ್ಯವನ್ನು ಕೈಗೆತ್ತಿಕೊಳ್ಳುವುದು ಅತ್ಯಗತ್ಯ.